ಚಿಕ್ಕಮಾದಪ್ಪ ಹಾಡಲೊಲ್ಲದ ಹಾಡು

ಸನ್ಮಾನ್ಯ ಅಧ್ಯಕ್ಷರೇ, ಮೈಸೂರಿನಿಂದ ದಯಮಾಡಿಸಿ, ಒಂದು ಗಂಟೆ ಮಾತನಾಡಿ, ಈಗ ನೀರು ಕುಡಿಯುತ್ತಿರುವ ಮುಖ್ಯ ಅತಿಥಿಗಳೇ, ಕೊಳ್ಳೇಗಾಲ, ಹನೂರು, ಯಳಂದೂರುಗಳಿಂದ ಗಾಡಿ ಕಟ್ಟಿಕೊಂಡು ಬಂದ ಮಹನೀಯರೇ, ಬಲಗಡೆ ಚಾಪೆಯ ಮೇಲೆ ಕುಳಿತು ವೇದಿಕೆಗಿಂತ ಸ್ವಾರಸ್ಯವಾದ ಮಾತುಗಳನ್ನು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿರುವ ತಾಯಂದಿರೇ, ಸಭಿಕರೇ,

ಕಾರ್ಯದರ್ಶಿಗಳು ನನ್ನನ್ನು ಪರಿಚಯ ಮಾಡಿಕೊಡುತ್ತ ‘ಕಲಾಪೋಷಕ ಕೆಂಪನಂಜಪ್ಪನವರು’ ಎಂದರು. ನಾನು ರೇಷ್ಮೆ ವ್ಯಾಪಾರಿ. ಜೀವಮಾನದಲ್ಲಿ ಪೋಷಿಸಿದ್ದೇನಾದರೂ ಇದ್ದರೆ ಅದು ಹುಳುವನ್ನು. ಮುಖ್ಯ ಅತಿಥಿಗಳು ಕರ್ನಾಟಕದ ಏಕೀಕರಣದ ಮೇಲೆ ಮಾತನಾಡಿದರು. ಕೊಳ್ಳೇಗಾಲ ಮದರಾಸು ಸರ್ಕಾರದಲ್ಲಿದೆ, ಹತ್ತು ಮೈಲಿ ಆಚೆಯ ಯಳಂದೂರು ಮೈಸೂರು ಸರ್ಕಾರದಲ್ಲಿದೆ, ಇದೆಂಥ ಅನ್ಯಾಯ ಎಂದು ಮೇಜು ಕುಟ್ಟಿದರು. ಸ್ವಾಮೀ, ಸರ್ಕಾರದವರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ನಾನು ಹದಿನೈದು ವರ್ಷದ ಹಿಂದೆಯೇ ಯಳಂದೂರಿನ ಹೆಣ್ಣನ್ನು ಕೊಳ್ಳೇಗಾಲಕ್ಕೆ ತಂದು ನನ್ನ ಪಾಲಿನ ಏಕೀಕರಣ ಮುಗಿಸಿದವನು.

ಇರಲಿ. ಇವತ್ತಿನ ಸನ್ಮಾನ ಯಾರಿಗೆ ಎಂಬುದನ್ನು ಯಾರಾದರೂ ಒಬ್ಬರು ಹೇಳಬೇಕಲ್ಲ? ಅಗೋ, ಹಾರದ ಭಾರಕ್ಕೆ ಕತ್ತು ಬಗ್ಗಿಸಿ ಕುಳಿತಿದ್ದಾನಲ್ಲ, ಅಜ್ಜೀಪುರದ ಚಿಕ್ಕಮಾದಪ್ಪ, ಅವನಿಗೆ. ನಾಟಕ ಮಂಡಳಿಯಲ್ಲಿ ಇಷ್ಟು ವರ್ಷ ಹಾಸ್ಯದ ಪಾತ್ರ ಮಾಡಿ ನಮ್ಮ ಸೀಮೆಯನ್ನೆಲ್ಲ ನಗಿಸಿದವನು ಇವತ್ತಿಗೆ ಬಣ್ಣ ಹಚ್ಚುವುದನ್ನು ಬಿಡುತ್ತಿದ್ದಾನೆ. ನನ್ನ ಮಾತು ಮುಗಿದ ಮೇಲೆ ಅವನ ಹಾಡು. ಆದರೆ ನೀವೆಲ್ಲ ಯಾವ ಹಾಡಿಗಾಗಿ ಬಂದಿದ್ದೀರೋ ಆ ಮುದಿ ಮದುಮಗನ ಹಾಡೊಂದನ್ನು ಬಿಟ್ಟು ಮಿಕ್ಕದ್ದು ಏನು ಬೇಕಾದರೂ ಹಾಡುತ್ತೇನೆ ಎಂದು ಬೆಳಗಿನಿಂದ ಹಠ ಹಿಡಿದಿದ್ದಾನೆ. ಗಂಟಲು ಸರಿಯಿಲ್ಲವಂತೆ. ಸುಳ್ಳು! ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಅವನು ಹುಳಿ ಕೇಳಿದ ದನಿಗೆ ಬಡಿಸುವವನ ಸೌಟು ಕೈಜಾರಿ ಬಿತ್ತು. ಕಾರಣ ಬೇರೆ. ನನ್ನ ಹೆಂಡತಿ ಗುರುಬಸಮ್ಮ ಹೋದ ಕಾರ್ತೀಕದಲ್ಲಿ ತೀರಿಕೊಂಡಳು. ಆ ಹಾಡು ನನ್ನ ಮೇಲೆ ಕಟ್ಟಿದ್ದು. ಹೆಂಡತಿ ಸತ್ತವನ ಎದುರಿಗೆ ಅವನ ಮದುವೆಯ ಗೇಲಿ ಹೇಗೆ ಹಾಡಲಿ ಎಂದು ಇವನಿಗೆ ಸಂಕೋಚ. ನಾನು ಇಲ್ಲಿ ಎದ್ದು ನಿಂತಿರುವುದು ಅವನನ್ನು ಹೊಗಳುವುದಕ್ಕಲ್ಲ ಸಭಿಕರೇ, ಆ ಹಾಡನ್ನು ಹಾಡಿಸುವುದಕ್ಕೆ. ಹೊಗಳಿಕೆಯಿಂದ ಆಗುವುದಾದರೆ ಅದನ್ನೂ ಮಾಡೋಣ.

ಮೊದಲು ಕಂಠ. ನಮ್ಮ ಕಾಲದ ನಾಟಕಗಳಲ್ಲಿ ರಾಜನಾದವನು ಏನು ಮಾಡಬೇಕು? ಕಿರುಚಬೇಕು. ರಾಜ ಕಿರುಚುತ್ತಾನೆ, ಮಂತ್ರಿ ಅವನಿಗಿಂತ ಮೇಲೆ ಕಿರುಚುತ್ತಾನೆ, ರಾಣಿಯ ಪಾತ್ರದ ಗಂಡಸು ಇಬ್ಬರನ್ನೂ ಮೀರಿಸುತ್ತಾನೆ, ಹಾರ್ಮೋನಿಯಂ ಮೇಷ್ಟ್ರಿಗೆ ಪೆಟ್ಟಿಗೆಯ ಬಲಗಡೆಯ ಸ್ವರದ ಮನೆಗಳೇ ಸಾಲುವುದಿಲ್ಲ. ಅಂಥ ಕಡೆಗೆ ಈ ಚಿಕ್ಕಮಾದಪ್ಪ ಬಂದ. ಹೊಲದಲ್ಲಿ ಅಟ್ಟಣೆ ಹಾಕಿಕೊಂಡು ಕಾಡುಹಂದಿ ಓಡಿಸಿ ಓಡಿಸಿ ಬಲಿತ ಗಂಟಲು. ಬಾಯಿ ತೆರೆದರೆ ದನಿ ಕೆಳಗೆ, ಇನ್ನೂ ಕೆಳಗೆ, ತಳದಿಂದ ಬರುತ್ತಿತ್ತು. ಮೇಷ್ಟ್ರು ಕೈಮುಗಿದು, “ಅಪ್ಪಾ, ನಿಂಗ ಪೆಟ್ಟಿಗೆಲಿ ಮನೆ ಇಲ್ಲ ಕಣಪ್ಪ, ಪರದೆ ಎಳೀ ಓಗು” ಎಂದರು. ಎರಡು ವರ್ಷ ಪರದೆ ಎಳೆದ. ಒಂದು ದಿನ ಹಾಸ್ಯದವನಿಗೆ ಜ್ವರ ಬಂತು, ಇವನನ್ನು ಮುಂದೆ ನೂಕಿದರು. ಆ ಜ್ವರಕ್ಕೆ ನಾವೆಲ್ಲ ಋಣಿಗಳು.

ಇನ್ನು ಹಾಡಿನ ಬಗೆ. ಪ್ರಾಯ ಮೀರಿದ ಸಾಹುಕಾರನೊಬ್ಬ ಹೆಣ್ಣು ನೋಡಲು ಹೋಗಿ ತನ್ನ ಗುಣಗಾನ ತಾನೇ ಮಾಡಿಕೊಳ್ಳುತ್ತಾನೆ. ಬೇರೆ ಹಾಸ್ಯಗಾರರು ಇಂಥ ಕಡೆ ಏನು ಮಾಡುತ್ತಾರೆ? ಕಣ್ಣು ಮೆಡ್ಡರಿಸುತ್ತಾರೆ, ಪಂಚೆ ಜಾರಿಸುತ್ತಾರೆ, ನಾವು ನಗುವುದಕ್ಕೆ ಮುಂಚೆ ತಾವೇ ನಗುತ್ತಾರೆ. ಚಿಕ್ಕಮಾದಪ್ಪ ನಗುವುದಿಲ್ಲ. ದೇವರ ನಾಮ ಹೇಳುವ ಮುಖ ಮಾಡಿಕೊಂಡು,

“ನಲವತ್ತೇ ಕಣಮ್ಮಿ ನನಗೆ ನಲವತ್ತೇ,
ಮೇಲಿನದೆಲ್ಲಾ ಶಿವನ ಲೆಕ್ಕ, ನನಗೇನು ಗೊತ್ತೇ?”

ಎನ್ನುತ್ತಾನೆ. ಆ ಎರಡನೇ ‘ನಲವತ್ತೇ’ಗೆ ದನಿ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಸುಳ್ಳು ಹೇಳುವವನಿಗೆ ದನಿ ಇಳಿಯುತ್ತದಲ್ಲ, ಥೇಟ್ ಹಾಗೆ. ಇಳಿದು ಇಳಿದು ಇನ್ನು ಕೇಳಿಸುವುದೇ ಇಲ್ಲ ಎನ್ನುವಾಗ ಮೊದಲ ಸಾಲಿನ ಕುರ್ಚಿ ನಡುಗುತ್ತದೆ. ಆಮೇಲೆ ತನಗೆ ಇಲ್ಲದ ಕಾಯಿಲೆಗಳ ಪಟ್ಟಿ, ಎಲ್ಲವೂ ಒಂದೇ ಉಸಿರಿಗೆ. ಉಬ್ಬಸವಿಲ್ಲ ಎಂದು ಹಾಡುತ್ತಲೇ ಎದೆ ಗೊರಗುಟ್ಟುತ್ತದೆ, ಮಂಡಿ ನೋವಿಲ್ಲ ಎಂದಾಗ ಮಂಡಿ ಕುಸಿಯುತ್ತದೆ, ಕಿವಿ ಚೆನ್ನಾಗಿದೆ ಎಂದವನೇ ತಬಲದವನ ಕಡೆ ತಿರುಗಿ ‘ಆಂ?’ ಎನ್ನುತ್ತಾನೆ. ಇಷ್ಟೆಲ್ಲ ಆದರೂ ತಾಳ ಒಂದು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ನಗಿಸುವವರು ಬೇಕಾದಷ್ಟಿದ್ದಾರೆ. ಆ ಮುದುಕನ ಮೇಲೆ ಅಯ್ಯೋ ಪಾಪ ಅನ್ನಿಸುತ್ತ ನಗು ತಡೆಯಲಾಗದ ಹಾಗೆ ಮಾಡುವವನು ಇವನೊಬ್ಬನೇ.

ಆ ಮುದುಕ ನಾನು. ಆಗ ನನಗೆ... ನಲವತ್ತು ಎಂದಿಟ್ಟುಕೊಳ್ಳಿ. ಅಧ್ಯಕ್ಷರು ಕೆಮ್ಮುತ್ತಿದ್ದಾರೆ. ನಲವತ್ತೆಂಟು. ಮೊದಲನೆಯವಳು ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಯಳಂದೂರಿನ ಬಸವಣ್ಣನವರ ಮಗಳು ಗುರುಬಸಮ್ಮ, ಗಂಡ ಹೋಗಿ ತವರಿನಲ್ಲಿದ್ದಾಳೆ, ಮೂವತ್ತು ದಾಟಿದೆ ಎಂದು ಗೊತ್ತಾಯಿತು. ನಮ್ಮಲ್ಲಿ ಗಂಡ ಸತ್ತವಳಿಗೆ ಕೂಡಾವಳಿ ಮದುವೆ ಉಂಟಷ್ಟೆ. ಗಾಡಿ ಹೊಡೆಯುವ ಮಹದೇವುವನ್ನು ಕರೆದುಕೊಂಡು ಹೊರಟೆ. ಹೊರಡುವ ಮುಂಚೆ ದೀಪದ ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಕಲಸಿ ಮೀಸೆಗೆ ಬಳಿದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ನನಗೇ ನನ್ನ ಮೇಲೆ ಮನಸ್ಸಾಯಿತು.

ಚೈತ್ರದ ಬಿಸಿಲು. ಅವರ ಮನೆಯಲ್ಲಿ ದೊಡ್ಡ ಕಂಚಿನ ಲೋಟದ ತುಂಬ ಮಜ್ಜಿಗೆ ಕೊಟ್ಟರು. ತಂದುಕೊಟ್ಟವಳು ಗುರುಬಸಮ್ಮನೇ. ಗಟಗಟ ಕುಡಿದೆ. ಪ್ರಾಯ ಕೇಳಿದರು, ಶಲ್ಯ ಎಳೆದುಕೊಂಡು ಹೇಳಿದೆ. ಆಸ್ತಿ ಕೇಳಿದರು, ಸ್ವಲ್ಪ ಸೇರಿಸಿಯೇ ಹೇಳಿದೆ. ಲೋಟ ಈಸಿಕೊಂಡು ಒಳಗೆ ಹೋದ ಹೆಣ್ಣು ಅಡಿಗೆಮನೆಯಲ್ಲಿ ಬಿದ್ದೂ ಬಿದ್ದೂ ಕೆಮ್ಮಿದಳು. ಆರೋಗ್ಯ ಸಾಲದೇನೋ ಎಂದುಕೊಂಡೆ. ವಾಪಸು ಬರುವಾಗ ದಾರಿಯುದ್ದಕ್ಕೂ ಮಹದೇವು ಎತ್ತುಗಳ ಬಾಲವನ್ನೇ ನೋಡುತ್ತಿದ್ದ, ನನ್ನ ಕಡೆ ತಿರುಗಲೇ ಇಲ್ಲ. ಎಂಥ ವಿನಯವಂತ ಎಂದುಕೊಂಡೆ.

ಇಪ್ಪತ್ತು ದಿನವಾದರೂ ಉತ್ತರವಿಲ್ಲ. ನಾನೇ ಹೋದೆ, ಜೊತೆಗೆ ಗೆಳೆಯ ರುದ್ರಸ್ವಾಮಿ. ಹೌದು, ಇವತ್ತಿನ ನಮ್ಮ ಅಧ್ಯಕ್ಷರೇ. ಆಗ ಅವರ ಮೀಸೆಯೂ ನನ್ನ ಮೀಸೆಯೂ ಒಂದೇ ದೀಪದ ಕಾಡಿಗೆಯಲ್ಲಿ ಕಪ್ಪಾಗಿದ್ದವು. ಬಸವಣ್ಣನವರು, “ಉತ್ರ ನಾಳಕ ಯೋಳ್ತೀವಿ, ಇವತ್ತು ನಾಟ್ಕ ಅದ, ನೋಡ್ಕಂಡು ಓಗಿ” ಎಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಮಂಡಳಿ ಬಿಡಾರ ಹೂಡಿದ್ದೇ ಅವರ ಮನೆಯ ಹಿತ್ತಲಾಚೆಯ ಬಯಲಿನಲ್ಲಿ. ಚಿಕ್ಕಮಾದಪ್ಪ ಬಂದ, ಹಾಡಿದ. ನಾನು ನಕ್ಕೆ ನೋಡಿ! ಸಭಿಕರೇ, ಅಷ್ಟು ನಾನು ಹುಟ್ಟಿದಾಗಿನಿಂದ ನಕ್ಕಿರಲಿಲ್ಲ. ಹಿಂದಿನವರೆಲ್ಲ ನನ್ನನ್ನೇ ನೋಡಿ ನಗುತ್ತಿದ್ದರು. ರಸಿಕ ಎಂದು ಮೆಚ್ಚುತ್ತಿದ್ದಾರೆ ಎಂದುಕೊಂಡೆ. ರುದ್ರಸ್ವಾಮಿಯ ಪಕ್ಕೆಗೆ ತಿವಿದು, “ಲೇ ರುದ್ರ, ನಿನ್ ಮ್ಯಾಲ ಆಡು ಕಟ್ಟವ್ರ ಕಣ್ಲಾ!” ಎಂದೆ. ಅವರು ನನ್ನ ಮುಖವನ್ನು ಬಹಳ ಮರುಕದಿಂದ ನೋಡಿ, ಎಲೆಅಡಿಕೆ ಮಡಿಸಿ ಕೈಗೆ ಕೊಟ್ಟರು.

ಹಾಡು ಮುಗಿಯಿತು. ಎದ್ದು ನಿಂತು “ಒನ್ಸ್ ಮೋರ್!” ಎಂದೆ. ಯಾರು? ನಾನೇ! ಎರಡನೆಯ ಸಲ ಹಾಡಿದ. ಮತ್ತೆ “ಒನ್ಸ್ ಮೋರ್!” ಚಿಕ್ಕಮಾದಪ್ಪ ಒಂದು ಗಳಿಗೆ ನನ್ನನ್ನೇ ನೋಡಿದ, ಕೈಮುಗಿದ, ಮೂರನೆಯ ಸಲ ಹಾಡಿದ. ಪ್ರಾಯದ ಮಾತು ಬರುವ ಮೊದಲು ಮದುಮಗ ಎಡಗೈಯಲ್ಲಿ ಶಲ್ಯ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಮೇಲೆ ನೋಡುತ್ತಾನೆ. ಏನು ನೋಡುತ್ತಿದ್ದಾನೆ ಇವನು ಎಂದು ನಾನೂ ಮೇಲೆ ನೋಡಿದೆ. ನೋಡಿದರೆ, ನನ್ನ ಎಡಗೈಯಲ್ಲಿ ನನ್ನ ಶಲ್ಯ. ಗಂಟಲೂ ಸರಿಮಾಡಿಕೊಂಡು ಆಗಿದೆ!

ಅಯ್ಯೋ ಶಿವನೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದ್ದು ಹೋಗುವಂತಿಲ್ಲ, ಹಾಡಿಸಿದವನು ನಾನೇ. ಕೊನೆತನಕ ಕೂತೆ. ಮುಗಿದ ಮೇಲೆ ಇನ್ನೇನು ಮಾಡಲೂ ತೋಚದೆ ಆ ಶಲ್ಯವನ್ನೇ ತೆಗೆದು ಇವನಿಗೆ ಹೊದಿಸಿಬಿಟ್ಟೆ. ಡೇರೆಗೆ ಡೇರೆಯೇ ಚಪ್ಪಾಳೆ. ಮಾರನೆಯ ಬೆಳಗ್ಗೆ ಬಸವಣ್ಣನವರು, “ಮಗಳು ಒಪ್ಪವಳ” ಎಂದರು. ತನ್ನ ಗೇಲಿಯನ್ನು ತಾನೇ ಹೇಳಿ ಹಾಡಿಸಿದವನು ದೊಡ್ಡ ಮನಸ್ಸಿನವನು ಎಂದು ಯಳಂದೂರೆಲ್ಲ ಸುದ್ದಿ. ನಾನು ಯಾಕೆ ಅಲ್ಲವೆನ್ನಲಿ?

ಮದುವೆಯಾಯಿತು. ಆದರೂ ಹಾಡಿನಲ್ಲಿ ಬರುವ ನನ್ನ ಮಜ್ಜಿಗೆ ಲೋಟದ ಸಮಾಚಾರ ಇವನಿಗೆ ಹೇಗೆ ಗೊತ್ತಾಯಿತು ಎಂಬ ಮುಳ್ಳು ಒಳಗೇ ಇತ್ತು. ಒಂದು ದಿನ ಹೆಂಡತಿಯ ಮುಂದೆ ಹಾರಾಡಿದೆ. ಆ ಮಹದೇವುವನ್ನು ಬಿಡಿಸುತ್ತೇನೆ, ಆ ಚಿಕ್ಕಮಾದಪ್ಪನ ಕಾಲು ಮುರಿಯುತ್ತೇನೆ ಎಂದೆ. ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, “ಅವ್ರ ಕಾಲ್ಯಾಕ ಮುರೀತೀರಿ? ಯೋಳ್ಕೊಟ್ಟೋಳು ನಾನು ಕಣ್ರಿ” ಎಂದಳು. ಮಜ್ಜಿಗೆ ಕೇಳಿಕೊಂಡು ಹಿತ್ತಲಿಗೆ ಬಂದ ಈ ಚಿಕ್ಕಮಾದಪ್ಪನಿಗೆ ನಾನು ಕೂತದ್ದು, ನಿಂತದ್ದು, ಕುಡಿದದ್ದು ಎಲ್ಲವನ್ನೂ ಮಾಡಿ ತೋರಿಸಿದ್ದಾಳೆ. ಮೂರನೆಯ ನುಡಿಯನ್ನಂತೂ ಅವಳೇ ಕಟ್ಟಿಕೊಟ್ಟದ್ದು:

“ಬಿಳಿ ಮಜ್ಜಿಗೆ ಕೊಟ್ಟೆಯಲ್ಲೇ, ಕರಿ ಮಜ್ಜಿಗೆ ಆಯಿತಲ್ಲೇ,
ಮೀಸೆ ನನ್ನದು ಎಲ್ಲಿ ಹೋಯ್ತೇ? ಲೋಟದ ತಳದಲ್ಲೇ!”

ಆಮೇಲೆ ಹದಿನೈದು ವರ್ಷ ಈ ಹಾಡು ಎಲ್ಲಿ ನಡೆದರೂ ಗಂಡಹೆಂಡತಿ ಹೋಗಿದ್ದೇವೆ. ಹೆಂಗಸರ ಕಡೆಯಿಂದ ಮೊದಲ ನಗು ಅವಳದೇ. ಆದರೆ ನಾನು ಒಂದು ಮಾತನ್ನು ಅವಳಿಗೆ ಹೇಳಿರಲಿಲ್ಲ. ಅವತ್ತು ದೊಡ್ಡ ಮನಸ್ಸೂ ಇಲ್ಲ, ಗಿಡ್ಡ ಮನಸ್ಸೂ ಇಲ್ಲ, ನನ್ನ ಮೇಲಿನ ಹಾಡು ಎಂದು ನನಗೆ ಹೊಳೆದೇ ಇರಲಿಲ್ಲ ಎಂಬುದನ್ನು. ಹೋದ ಕಾರ್ತೀಕದಲ್ಲಿ, ಇನ್ನು ಇವಳು ಏಳುವುದಿಲ್ಲ ಎಂದು ಡಾಕ್ಟರು ಹೇಳಿ ಹೋದ ದಿನ, ಕೂತು ಹೇಳಿಬಿಟ್ಟೆ. ಅವಳಿಗೆ ನಗುವುದಕ್ಕೂ ಶಕ್ತಿಯಿರಲಿಲ್ಲ, ಆದರೂ ನಕ್ಕಳು. “ನೀವು ಮೊದಲ್ನೇ ಸಲ ನಗ್ವಾಗ್ಲೇ ಗೊತ್ತಾಯ್ತು ಕಣ್ರಿ, ನಿಮ್ಗ ತಿಳೀಲಿಲ್ಲ ಅಂತ. ಅದ್ಕೇ ಒಪ್ಪಿದ್ದು. ದೊಡ್ ಮನ್ಸ್ನೋರ್ ಜತೆ ಯಾರು ಬಾಳ್ತಾರ? ಅಷ್ಟು ಪೆದ್ದಾಗಿ ನಗೋರ್ ಜತೆ ಬಾಳ್ಬೋದು” ಎಂದಳು.

ನೀರು... ಬೇಡ, ಬೇಡ, ಕೂತುಕೊಳ್ಳಿ ಕಾರ್ಯದರ್ಶಿಗಳೇ. ಮುಖ್ಯ ಅತಿಥಿಗಳ ಲೋಟ ನನಗೆ ಯಾಕೆ?

ಸಭಿಕರೇ, ಅವಳು ಹೋದ ಮೇಲೆ ಏನಾಗಿದೆ ಗೊತ್ತೇ? ಎಲ್ಲರೂ ನನಗೆ ಮರ್ಯಾದೆ ಕೊಡುತ್ತಿದ್ದಾರೆ. ಅಂಗಡಿಗೆ ಹೋದರೆ ಆಡುತ್ತಿದ್ದ ಮಾತು ನಿಲ್ಲಿಸುತ್ತಾರೆ. ಮಹದೇವು ಗಾಡಿಯನ್ನು ಮೆಲ್ಲಗೆ ಹೊಡೆಯುತ್ತಾನೆ. ಅಡಿಗೆಯವಳು ಚಿಕ್ಕನಿಂಗಮ್ಮ ಸಾರಿಗೆ ಉಪ್ಪು ಮರೆತದ್ದಕ್ಕೆ ನಾನು ಕೂಗಾಡಿದರೆ, ‘ಪಾಪ, ನೊಂದವ್ರ’ ಎನ್ನುತ್ತಾಳೆ. ಈ ರುದ್ರಸ್ವಾಮಿ, ನನ್ನನ್ನು ಐವತ್ತು ವರ್ಷ ‘ಲೇ’ ಎಂದವನು, ಈಗ ‘ತಾವು’ ಎನ್ನುತ್ತಾನೆ! ಆರು ತಿಂಗಳಿಂದ ನನ್ನ ಮುಖ ನೋಡಿ ಒಬ್ಬರೂ ನಕ್ಕಿಲ್ಲ. ಸಾಕಾಗಿದೆ ನನಗೆ. ಆ ಮನೆಯಲ್ಲಿ ದಿನಕ್ಕೆ ಹತ್ತು ಸಲ ನನ್ನನ್ನು ನೋಡಿ ನಗುವವಳೊಬ್ಬಳಿದ್ದಳು. ಅವಳಿಲ್ಲದ ಮನೆಯಲ್ಲಿ ಈ ಮರ್ಯಾದೆಯನ್ನು ಇಟ್ಟುಕೊಂಡು ಏನು ಮಾಡಲಿ ನಾನು?

ಬೆಳಗ್ಗೆ ಚಿಕ್ಕಮಾದಪ್ಪ ನನ್ನ ಕೈ ಹಿಡಿದು, “ಸಾವ್ಕಾರ್ರೇ, ಅವ್ವಾರಿಲ್ದೇ ಎಂಗಾಡ್ಲಿ?” ಎಂದ. ಚಿಕ್ಕಮಾದಪ್ಪಾ, ಎಲ್ಲರಂತೆ ನೀನೂ ನನಗೆ ಮರ್ಯಾದೆ ಕೊಟ್ಟುಬಿಟ್ಟರೆ ಹೇಗಯ್ಯ? ನಿನಗೆ ಅದಲ್ಲವಲ್ಲ ಕಸುಬು! ಹಾಡುವುದಿಲ್ಲವೇ? ಹಾಗಾದರೆ ನಾನೇ ಹಾಡುತ್ತೇನೆ. ಮೇಷ್ಟ್ರೇ, ಶ್ರುತಿ ಹಿಡಿಯಿರಿ. ಯಾವುದಾದರೂ ಸರಿ, ನನಗೆ ಎಲ್ಲವೂ ಒಂದೇ.

ನಲವತ್ತೇ ಕಣಮ್ಮಿ ನನಗೆ ನಲವತ್ತೇ...

ಹೂಂ, ನಗುತ್ತೀರಾ? ನಗಿ, ನಗಿ. ಅಗೋ, ಅಧ್ಯಕ್ಷರೂ ನಕ್ಕರು! ‘ಸಾಕು ನಿಲ್ಸಲೇ’ ಎಂದರು, ಕೇಳಿಸಿತೇ ಎಲ್ಲರಿಗೂ? ‘ಲೇ’ ಎಂದರು!

ಮೇಲಿನದೆಲ್ಲಾ ಶಿವನ ಲೆಕ್ಕ...

ಏನಪ್ಪಾ, ಯಾಕೆ ಎದ್ದೆ? ತಡೆಯಲಾಗಲಿಲ್ಲವೇ? ತಾಳ ಎಲ್ಲೋ ಹೋಯಿತಲ್ಲವೇ? ನನಗೂ ಹಾಗೇ ಅನ್ನಿಸಿತು. ಬಾ, ಬಾ, ಹಾರ ತೆಗೆದು ಇಲ್ಲಿಡು, ನಾನು ಹಿಡಿದುಕೊಂಡಿರುತ್ತೇನೆ. ಮೊದಲಿನಿಂದ ಹಾಡಬೇಕು, ಒಂದು ನುಡಿಯೂ ಬಿಡಬಾರದು. ತಾಯಂದಿರೇ, ಮೂರನೆಯ ನುಡಿಗೆ ಮೊದಲು ನಗುತ್ತಿದ್ದವಳು ಇವತ್ತು ನಿಮ್ಮ ಚಾಪೆಯ ಮೇಲಿಲ್ಲ. ಯಾರಾದರೂ ಒಬ್ಬರು ಮೊದಲು ನಕ್ಕುಬಿಡಿ, ದಮ್ಮಯ್ಯ, ನನಗೋಸ್ಕರ.

ಐದು ನಿಮಿಷ ಕೊಟ್ಟ ಕಾರ್ಯದರ್ಶಿಗಳಿಗೂ, ಅದನ್ನು ಮೀರಿದ ಮೇಲೂ ಕಲ್ಲೆಸೆಯದ ನಿಮಗೂ ನನ್ನ ವಂದನೆಗಳು. ನಮಸ್ಕಾರ. ಹಾಡಪ್ಪ.