ಉಸಿರಿರುವಾಗಲೇ ಬಂದ ಸಂತಾಪ

ತೀವ್ರ ನಿಗಾ ಘಟಕದ ಹೊರಗೆ ಅಕ್ಕತಂಗಿಯರು ಪಿಸುದನಿಯಲ್ಲಿ ಜಗಳವಾಡುತ್ತಿದ್ದರು. ಎದುರು ಬೆಂಚಿನಲ್ಲಿ ಕೂತಿದ್ದ ಬೇರೊಬ್ಬ ರೋಗಿಯ ಕಡೆಯವಳಿಗೆ ಬೇಡವೆಂದರೂ ಕೇಳಿಸುತ್ತಿತ್ತು.

“ನನ್ನ ಗಂಡ ಉಸಿರಾಡ್ತಿರುವಾಗಲೇ ಫೇಸ್‌ಬುಕ್ಕಲ್ಲಿ ಅವರನ್ನೇ ಟ್ಯಾಗ್ ಮಾಡಿ ಶ್ರದ್ಧಾಂಜಲಿ ಹಾಕಿದ್ಯಲ್ಲೇ!”

“ಡಾಕ್ಟರು ಆಸೆ ಬಿಡಿ ಅಂದ್ರಲ್ಲಕ್ಕ. ನಿನ್ನ ನಾದಿನಿ ನನಗಿಂತ ಮೊದಲು ಹಾಕಿಬಿಟ್ರೆ ಅಂತ...”

“ಈಗಲೇ ಅಳಿಸು.”

“ಅಷ್ಟು ಜನ ಕಣ್ಣೀರು ಹಾಕಿದಾರೆ. ಅವರಿಗೇನು ಹೇಳ್ಲಿ?”

“ಬದುಕಿದಾರೆ ಅಂತ ಹೇಳೇ, ಪುಣ್ಯಾತ್ಗಿತ್ತಿ!”

“ಭಾವನ ಮ್ಯಾನೇಜರೂ ಬರೆದಿದಾರೆ, ಚಿನ್ನದಂಥ ಮನುಷ್ಯ ಅಂತ.”

“ಹೋದ ತಿಂಗಳು ಇವರನ್ನ ಕೆಲಸದಿಂದ ತೆಗೆದವನೇ ಅವನು.”

ನರ್ಸ್ ನಗುತ್ತಾ ಬಾಗಿಲು ತೆರೆದಳು.

“ನಿಮ್ಮವರಿಗೆ ಎಚ್ಚರವಾಗಿದೆ. ಅವರ ಫೋನ್ ಕೇಳ್ತಿದಾರೆ.”

ಅಕ್ಕ ಗಂಡನ ಫೋನನ್ನು ಬ್ಯಾಗಿನ ತಳಕ್ಕೆ ತುರುಕಿದಳು.

“ಕಳೆದುಹೋಯ್ತು ಅಂತೀನಿ. ನೀನು ಬಾಯಿ ಬಿಡಬೇಡ.”

ಇಬ್ಬರೂ ಒಳಗೆ ನಡೆದರು. ಬರುವ ಒಂದೊಂದು ಸಂತಾಪಕ್ಕೂ ಬ್ಯಾಗಿನೊಳಗೆ ಫೋನು ಗುಯ್‌ಗುಡುತ್ತಲೇ ಇತ್ತು.