ಥಾನಾಸ್ ಹಿಡಿದ ಶ್ರುತಿ

“ಹಲೋ... ಹಾಂ, ಕೋಜ್ಮಾನೇ. ಯಾರು ಮಾತಾಡ್ತಿರೋದು?... ಓ, ಎಲ್ಪಿನಿಕಿ! ಮದುವೆ ಹಾಡಿನ ಕ್ಯಾಸೆಟ್ಟು ಕೊಟ್ಟೋಳು ಅಲ್ವಾ? ಹೇಳಮ್ಮಾ, ಕೇಳಿದ್ಯಾ?”

ಅಲ್ಬೇನಿಯಾದ ಪೆರ್ಮೆತ್ ಊರಿನ ಕೋಜ್ಮಾ ಕಾಫಿ ಬಟ್ಟಲನ್ನು ಪಕ್ಕಕ್ಕಿಟ್ಟ. ರೇಡಿಯೋ ರಿಪೇರಿ ಬಿಟ್ಟ ಮೇಲೆ, ಜನರ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಅವುಗಳ ಬುಸ್ಸೆನ್ನುವ ಸದ್ದು ತೆಗೆದುಕೊಡುವುದು ಅವನ ಕಸುಬು. ಹೊಗಳಿಕೆ ಬರುತ್ತದೆಂದು ಕಾದು ಕೂತಿದ್ದ, ಪಾಪ.

“ಚೊಕ್ಕವಾಗಿದೆ ಅಲ್ವಾ? ಬುಸ್ ಅನ್ನೋದು ಎಲ್ಲಾದ್ರೂ ಇದ್ಯಾ?... ದುಬಾರಿ ತಂತ್ರಾಂಶ ನನ್ನ ಪಿಂಚಣಿಗೆ ಎಟುಕಲ್ಲ ಕಣಮ್ಮಾ, ಪುಕ್ಕಟೆದ್ರಲ್ಲೇ ಮಾಡಿದ್ದು. ಹಾಡು ಶುರುವಾಗೋ ಮುಂಚೆ ನಾಲ್ಕು ಸೆಕೆಂಡು ಖಾಲಿ ಇತ್ತು. ಅದನ್ನ ತೋರಿಸಿ, ಇದೇ ಸದ್ದು, ಉದ್ದಕ್ಕೂ ಕಿತ್ತುಹಾಕು ಅಂದೆ, ಅಷ್ಟೇ...”

“ಏನಂದೆ?... ಹಾಡಲ್ಲಿ ಅಪ್ಪ ಇಲ್ವಾ? ಇದಾರಲ್ಲ! ಹಾಡು ಎತ್ತೋರು ಅವರೇ ತಾನೇ?... ಅದು ನಿಮ್ಮ ದೊಡ್ಡಪ್ಪನಾ? ಮತ್ತೆ ಅವರ ಜೊತೆ ಪದ ತಿರುಗಿಸಿ ಹೇಳೋರು?... ಅವರೂ ಅಲ್ವಾ?”

“ಹಾಂ?... ನಿಮ್ಮಪ್ಪ ಥಾನಾಸ್ ಶ್ರುತಿ ಹಿಡೀತಿದ್ರಾ? ಅವತ್ತು ಅವರೊಬ್ಬರೇನಾ?...”

ಕೋಜ್ಮಾನಿಗೆ ಆಗ ಹೊಳೆಯಿತು. ಆ ಸೀಮೆಯ ಹಾಡಿನಲ್ಲಿ ಇಬ್ಬರು ಪದ ಹೇಳುತ್ತಾರೆ, ಉಳಿದವರು ಒಂದೇ ಸ್ವರ ಹಿಡಿದು ಕೊನೆಯವರೆಗೂ ಬಿಡುವುದಿಲ್ಲ. ಹಾಡು ಏಳುವ ಮುಂಚೆಯೇ ಥಾನಾಸ್ ಮೆಲ್ಲಗೆ ಆ ಸ್ವರ ಕೊಟ್ಟಿದ್ದ. ಖಾಲಿಯೆಂದು ಕೋಜ್ಮಾ ತೋರಿಸಿದ್ದು ಅದನ್ನೇ.

“ತಪ್ಪಾಯ್ತು ಎಲ್ಪಿನಿಕಿ... ಬುಸ್ ಜೊತೆಗೆ ನಿಮ್ಮಪ್ಪನ್ನೂ ಅಳಿಸಿಬಿಟ್ಟೆ...”

“ಇಲ್ಲ, ವಾಪಸ್ ಬರಲ್ಲ... ಡಿಸ್ಕಲ್ಲಿ ಜಾಗ ಇರ್ಲಿಲ್ಲಮ್ಮಾ, ಹಳೇದರ ಮೇಲೇ ಉಳಿಸ್ದೆ... ಕ್ಯಾಸೆಟ್ಟಾ? ಅದು ಒಂದ್ಸಲ ಓಡೋಷ್ಟರಲ್ಲೇ ಪುಡಿಪುಡಿ ಉದುರಿಹೋಯ್ತು...”

“ಅಳಬೇಡ... ಗೊತ್ತು, ನೀನು ತೊಟ್ಟಿಲಲ್ಲಿದ್ದಾಗ್ಲೇ ಹೋದ್ರು ಅಂತ ಕ್ಯಾಸೆಟ್ಟು ಕೊಡುವಾಗ್ಲೇ ನೀನು ಹೇಳಿದ್ದೆ. ಬೇರೆಲ್ಲೂ ಅವರ ದನಿ ಇಲ್ಲ, ಗೊತ್ತಮ್ಮಾ... ಬಯ್ಯಿ, ನಾಲ್ಕು ಮಾತು ಬಯ್ದಾದ್ರೂ ಬಿಡು...”

“ಹಾಂ?... ಹೌದು, ಕೊನೇ ಸಲ ಕೇಳ್ದೋನು ನಾನೇ... ಹೇಗಿತ್ತು ಅಂತಾನಾ?”

ಕೋಜ್ಮಾ ಕಣ್ಣು ಮುಚ್ಚಿ ನೆನೆಯಲು ನೋಡಿದ. ಗಟ್ಟಿ ದನಿ, ಇಂಪಾಗಿತ್ತು ಎಂದು ಒಂದು ಸುಳ್ಳು ಹೇಳಬಹುದಿತ್ತು. ನಾಲಗೆ ಹೊರಳಲಿಲ್ಲ.

“ನಾನು ಕೇಳ್ಲೇ ಇಲ್ಲ ಮಗಳೇ. ಪರದೆ ಮೇಲೆ ಓಡೋ ಗೆರೆ ನೋಡ್ತಾ ಕೂತಿದ್ದೆ... ಹಲೋ?... ಎಲ್ಪಿನಿಕಿ?... ಹಲೋ?...”

ಲೈನು ಕಟ್ಟಾಗಿತ್ತು.