ದೊಣೆಯ ತಾಯಿಗೆ ಕಟ್ಟಿದ ಅರಮನೆ

ಕೇಳಿ ತಾಯಂದಿರೇ, ಬಯಲುಸೀಮೆಯ ಒಂದೂರಲ್ಲಿ ಒಬ್ಬ ಸಾಹುಕಾರನಿದ್ದ. ಇದ್ದೊಬ್ಬ ಮಗಳು ಹೆರಿಗೆಯಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಬಂದ, ಕಣ್ಣಲ್ಲಿ ಒಂದು ಹನಿ ಇಲ್ಲ. ತಿಂಗಳು ಕಳೆಯಿತು, ಅಳು ಬರಲಿಲ್ಲ. ನೋಡಿ, ಅತ್ತರೆ ದುಃಖ ಅನ್ನುತ್ತೇವೆ. ಅಳಲಾಗದಿದ್ದರೆ ಏನೆನ್ನಬೇಕು? ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಊರ ಪಕ್ಕ ಒಂದು ಕಲ್ಲುಬೆಟ್ಟ. ನೆತ್ತಿಯ ಬಂಡೆಗಳ ನಡುವೆ ಒಂದು ನೀರಿನ ದೊಣೆ. ಬಿರುಬೇಸಿಗೆಯಲ್ಲೂ ಬಂಡೆಯ ಸೀಳಿನಿಂದ ನೀರು ಜಿನುಗಿ ಅದು ತುಂಬುತ್ತಿತ್ತು. ಗುಡಿಯಿಲ್ಲ, ಮೂರ್ತಿಯಿಲ್ಲ; ನೀರನ್ನೇ ತಾಯಿ ಎಂದು ಜನ ಚಪ್ಪಲಿ ಬಿಟ್ಟು ಹತ್ತುತ್ತಿದ್ದರು. ಒಂದು ಬೆಳಿಗ್ಗೆ ಸಾಹುಕಾರನೂ ಹತ್ತಿದ. ಅಂಚಿನಲ್ಲಿ ಕೂತ. ಗಾಳಿ, ನೀರು ಜಿನುಗುವ ಸದ್ದು, ಅಷ್ಟೆ. ಅಲ್ಲಿ ಅವನಿಗೆ ಅಳು ಬಂತು. ಮಗುವಿನ ಹಾಗೆ ಅತ್ತ. ಇಳಿದು ಬಂದು ಎರಡು ತುತ್ತು ಉಂಡ.

ಅಲ್ಲಿಗೇ ಬಿಟ್ಟಿದ್ದರೆ! ಬಿಡಲಿಲ್ಲ.

“ನನ್ನ ತಾಯಿ ಬಿಸಲಾಗ ಕುಂತಾಳ. ಆಕಿಗೆ ಅರಮನಿ ಕಟ್ಟಸ್ತೀನಿ” ಎಂದ.

ಬಂಡೆ ಒಡೆಸಿ ಮೆಟ್ಟಿಲು ಮಾಡಿಸಿದ. ದೊಣೆಗೆ ಸಿಮೆಂಟು ಬಳಿಸತೊಡಗಿದ. ದಿನಾ ಅಲ್ಲಿಗೆ ಬರುತ್ತಿದ್ದ ಕುರಿ ಕಾಯುವ ಮುದುಕಿ ಕೈಮುಗಿದಳು: “ಸಾವ್ಕಾರ್ರ, ಆ ಸೀಳು ಮುಚ್ಚಬ್ಯಾಡ್ರಿ. ಆಕಿ ಉಸಿರಾಡೋದು ಅಲ್ಲೇ ಐತಿ.”

“ನನ್ನ ಭಕ್ತಿ ನಿನಗೇನ್ ತಿಳೀತೈತಿ, ಸರಿ ಆಚೆ!”

ಗೋಪುರ ಎದ್ದಿತು. ಮೈಕು ಬಂತು. ಬಾಗಿಲಿಗೆ ಬೀಗ ಬಂತು. ಮುಂದಿನ ಬೇಸಿಗೆಗೆ ದೊಣೆ ಬತ್ತಿತು. ಟ್ಯಾಂಕರ್ ನೀರು ತಂದು ಸುರಿದರು, ಅದು ಪಾಚಿಗಟ್ಟಿ ನಾರಿತು.

ಮಗಳು ಸತ್ತ ದಿನ ಮರಳಿ ಬಂದಾಗ ಸಾಹುಕಾರ ಅಲ್ಲಿಗೆ ಹೋಗಿ ಕೂತ. ಅಳು ಬರಲಿಲ್ಲ. ಮೈಕು ಆರಿಸಿದ. ಬರಲಿಲ್ಲ. ಉಗುರಿನಿಂದ ಸಿಮೆಂಟು ಕೆರೆದ. ಬೆರಳಲ್ಲಿ ರಕ್ತ ಬಂತು, ನೀರು ಬರಲಿಲ್ಲ. ಕೂಲಿಯವರನ್ನು ಕರೆಸಿ ಎಲ್ಲ ಒಡೆಸಿದ. ಸೀಳು ಕಂಡಿತು, ಒಣಗಿತ್ತು.

ಮುದುಕಿಯನ್ನು ಹುಡುಕಿಕೊಂಡು ಹೋದ. “ಯವ್ವಾ, ತಾಯಿ ಎಲ್ಲಿ ಹೋದ್ಲು?”

“ನನಗೇನ್ ಗೊತ್ತೋ ಯಪ್ಪಾ. ನನಗೂ ಅಳಾಕ ಬ್ಯಾರೆ ಜಾಗ ಇಲ್ಲ.”

ಅವನನ್ನು ಕೆಟ್ಟವನೆನ್ನಬೇಡಿ. ಭಕ್ತ ಅವನು. ನಾವೂ ಭಕ್ತರೇ ಅಲ್ಲವೇ? ಹೊಳೆಯಲ್ಲಿ ಮುಳುಗೆದ್ದು, ಉಟ್ಟ ಬಟ್ಟೆ ಅದರಲ್ಲೇ ಬಿಡುವವರು ಯಾರು? ಬಂಡೆಯ ಮೇಲೆ ಹೆಸರು ಕೆತ್ತುವವರು ಯಾರು? ನಾವೇ. ನಾವೇ, ತಾಯಂದಿರೇ!

ಇನ್ನು ಮೇಲೆ ಬೆಟ್ಟಕ್ಕೋ ಹೊಳೆಗೋ ಹೋದರೆ ಬರಿಗೈಲಿ ಹೋಗಿ. ಫೋನು ಆರಿಸಿ, ಗಳಿಗೆ ಹೊತ್ತು ಬಾಯಿ ಮುಚ್ಚಿ ಕೂತು ಬನ್ನಿ. ಏನನ್ನೂ ಬಿಟ್ಟು ಬರಬೇಡಿ, ಏನನ್ನೂ ಕಟ್ಟಬೇಡಿ. ನಿಮ್ಮ ಹಿಂದೆ ಯಾರೋ ಎದೆಭಾರ ಹೊತ್ತು ಹತ್ತಿ ಬರುತ್ತಿರುತ್ತಾರೆ. ಅವರಿಗೂ ಜಾಗ ಉಳಿದಿರಲಿ.